ಕಾಲೇಜು ವಿದ್ಯಾರ್ಥಿಗಳಿಗೆ ಚಾರಣ ಕಲಿಸುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ದಸರಾ ಮುಗಿದು ಮಳೆ ಹಿಂದೆ ಸರಿಯುತ್ತಿದ್ದಂತೆ ಕಾಲೇಜುಗಳ ಎನ್ನೆಸ್ಸೆಸ್ ಘಟಕಗಳು, ದೈಹಿಕ ಶಿಕ್ಷಣ ವಿಭಾಗಗಳು ಮತ್ತು ವಿದ್ಯಾರ್ಥಿ ಸಂಘಗಳು ಬಸ್ಸು ಗೊತ್ತುಮಾಡಿಕೊಂಡು ಪಶ್ಚಿಮ ಘಟ್ಟದ ಕಡೆ ಹೊರಡುತ್ತವೆ. ಪ್ರತಿ ವರ್ಷವೂ ಅವು ಎಡವುವುದು ಒಂದೇ ಜಾಗದಲ್ಲಿ. ಬೆಟ್ಟವನ್ನೇ ಕಾಣದ ನಲವತ್ತು ಮಂದಿಯನ್ನು ನೇರವಾಗಿ ಕುಮಾರ ಪರ್ವತದಂಥ ಕಠಿಣ ದಾರಿಗೆ ಕರೆದೊಯ್ದು, ‘ಹತ್ತುತ್ತಾ ಹತ್ತುತ್ತಾ ಕಲಿತುಕೊಳ್ಳುತ್ತಾರೆ’ ಎಂದು ಬಿಟ್ಟುಬಿಡಲಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ನೀರು ಮುಗಿದಿರುತ್ತದೆ, ಸಾಲು ನಾಲ್ಕು ತುಂಡಾಗಿರುತ್ತದೆ, ಕೊನೆಯ ತುಂಡು ಎಲ್ಲಿದೆಯೆಂದು ಶಿಕ್ಷಕರಿಗೆ ಗೊತ್ತಿರುವುದಿಲ್ಲ.

ಬೆಟ್ಟವು ಪರೀಕ್ಷೆಯ ಕೊಠಡಿ. ಪಾಠ ಅದಕ್ಕೂ ಮೊದಲು ಕಾಲೇಜಿನ ಮೈದಾನದಲ್ಲಿ ಆಗಿರಬೇಕು. ಕೆಳಗಿನ ಕ್ರಮವನ್ನು ಎಂಟು ವಾರಗಳಿಗೆ ಹೊಂದಿಸಲಾಗಿದೆ: ವಾರಕ್ಕೊಂದು ಎರಡು ಗಂಟೆಯ ತರಗತಿ, ನಡುವೆ ಹತ್ತಿರದ ಬೆಟ್ಟಕ್ಕೆ ಎರಡು ಬಾರಿ, ಕೊನೆಯಲ್ಲಿ ಘಟ್ಟಕ್ಕೆ ಒಮ್ಮೆ. ವಾರಗಳನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು, ಆದರೆ ಹಂತಗಳ ಕ್ರಮವನ್ನು ಬದಲಿಸಬಾರದು.

ಮೊದಲ ತರಗತಿಗೂ ಮುನ್ನ: ತಂಡ, ಕಾಗದಪತ್ರ, ಸಾಮಾನು

ಎಂಟು ವಿದ್ಯಾರ್ಥಿಗಳಿಗೆ ಒಬ್ಬರಂತೆ ಅನುಭವಸ್ಥ ಮಾರ್ಗದರ್ಶಕರು ಸಿಗದಿದ್ದರೆ ತಂಡವನ್ನು ಚಿಕ್ಕದು ಮಾಡಿ. ತಂಡ ಎಷ್ಟೇ ಚಿಕ್ಕದಿದ್ದರೂ ಮಾರ್ಗದರ್ಶಕರು ಇಬ್ಬರಿರಲೇಬೇಕು. ಒಬ್ಬರು ಗಾಯಾಳುವಿನ ಬಳಿ ಕುಳಿತರೆ ಉಳಿದವರನ್ನು ಇಳಿಸುವುದಕ್ಕೆ ಇನ್ನೊಬ್ಬರು ಬೇಕಾಗುತ್ತಾರೆ. ವಿದ್ಯಾರ್ಥಿನಿಯರಿದ್ದರೆ ಇಬ್ಬರಲ್ಲಿ ಒಬ್ಬರು ಮಹಿಳೆಯಾಗಿರಲಿ.

ಆರೋಗ್ಯ ವಿವರದ ಅರ್ಜಿಯಲ್ಲಿ ‘ಏನಾದರೂ ಕಾಯಿಲೆ ಇದೆಯೇ?’ ಎಂಬ ಒಂದೇ ಸಾಲು ಇದ್ದರೆ ಎಲ್ಲರೂ ‘ಇಲ್ಲ’ ಎಂದೇ ಬರೆಯುತ್ತಾರೆ. ಅಸ್ತಮಾ, ಮೂರ್ಛೆರೋಗ, ಸಕ್ಕರೆ ಕಾಯಿಲೆ, ಜೇನುಹುಳು ಕಚ್ಚಿದರೆ ಉಸಿರು ಕಟ್ಟುವ ಅಲರ್ಜಿ, ಹಿಂದೆ ಉಳುಕಿದ ಮೊಣಕಾಲು, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ ಎಂದು ಒಂದೊಂದನ್ನೂ ಬೇರೆ ಬೇರೆಯಾಗಿ ಕೇಳಿ. ಅರ್ಜಿಯನ್ನು ಮಾರ್ಗದರ್ಶಕರು ಮಾತ್ರ ಓದುತ್ತಾರೆ ಎಂದು ಮೊದಲೇ ತಿಳಿಸಿ, ಆ ಮಾತನ್ನು ಉಳಿಸಿಕೊಳ್ಳಿ.

ಅರಣ್ಯದ ದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ರಾಜ್ಯದ ಹಲವು ಚಾರಣ ದಾರಿಗಳಿಗೆ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡವಾಗಿ ಟಿಕೆಟ್ ಮಾಡಿಸಬೇಕಾಗುತ್ತದೆ. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಇರುತ್ತದೆ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ, ಮಳೆಗಾಲದಲ್ಲಿ ಅಪಾಯದ ಕಾರಣಕ್ಕೆ ದಾರಿಗಳನ್ನು ಮುಚ್ಚುವುದುಂಟು. ಆದ್ದರಿಂದ ಮೊದಲು ಅನುಮತಿ, ಆಮೇಲೆ ಬಸ್ಸಿನ ಮುಂಗಡ. ಬಸ್ಸಿಗೆ ಹಣ ಕಟ್ಟಿದ ತಂಡಕ್ಕೆ ‘ಇವತ್ತು ಬೇಡ’ ಎನ್ನುವ ಧೈರ್ಯ ಬರುವುದಿಲ್ಲ.

ತಂಡದ ಸಾಮಾನು ಇಷ್ಟು ಸಾಕು: ಪಾರದರ್ಶಕ ತಳವಿರುವ ದಿಕ್ಸೂಚಿ ನಾಲ್ಕು ಜನಕ್ಕೊಂದು, ನಕ್ಷೆಯ ಮುದ್ರಿತ ಪ್ರತಿಗಳು, ಪ್ರಥಮ ಚಿಕಿತ್ಸೆಯ ಎರಡು ಪೆಟ್ಟಿಗೆಗಳು (ಒಂದು ಸಾಲಿನ ಮುಂದೆ, ಒಂದು ಹಿಂದೆ), ಓಆರ್‌ಎಸ್ ಪೊಟ್ಟಣಗಳು, ಒಂದು ಟಾರ್ಪಾಲು, ಮುಚ್ಚಿದ ಚೀಲದಲ್ಲಿ ಸ್ಯಾನಿಟರಿ ಪ್ಯಾಡುಗಳು. ವಿದ್ಯಾರ್ಥಿಯ ಬಳಿ ಇರಬೇಕಾದ್ದು ಹಳೆಯ ಗಟ್ಟಿ ಶೂ, ಎರಡು ಜೊತೆ ಕಾಲುಚೀಲ, ಮಳೆಯಂಗಿ, ತಲೆಗೆ ಕಟ್ಟುವ ಟಾರ್ಚ್, ಸೀಟಿ, ಮತ್ತು ಮೂರು ಲೀಟರ್ ಹಿಡಿಯುವಷ್ಟು ಬಾಟಲಿಗಳು. ಜೀನ್ಸ್ ಬೇಡ, ಒದ್ದೆಯಾದರೆ ಭಾರವಾಗುತ್ತದೆ, ಒಣಗುವುದಿಲ್ಲ, ತೊಡೆಯ ಒಳಭಾಗವನ್ನು ತಿಕ್ಕಿ ಗಾಯ ಮಾಡುತ್ತದೆ.

ಹಂತ 1: ಕಾಲು ಮತ್ತು ನಡಿಗೆ

ನಡೆಯುವುದನ್ನೇನು ಕಲಿಸುವುದು ಎಂದು ವಿದ್ಯಾರ್ಥಿಗಳು ನಗುತ್ತಾರೆ. ನಗಲಿ. ಮೊದಲ ತರಗತಿಯಲ್ಲಿ ಕಾಲೇಜಿನ ಮೆಟ್ಟಿಲುಗಳನ್ನೇ ಹತ್ತು ನಿಮಿಷ ಹತ್ತಿಸಿ ಇಳಿಸಿ, ಹತ್ತುವಾಗ ಪಕ್ಕದವರೊಡನೆ ಪೂರ್ಣ ವಾಕ್ಯಗಳಲ್ಲಿ ಮಾತನಾಡುತ್ತಿರಬೇಕು ಎಂಬ ನಿಯಮ ಹಾಕಿ. ಮಾತು ತುಂಡಾದರೆ ವೇಗ ಹೆಚ್ಚಾಯಿತು ಎಂದರ್ಥ. ತಂಡದಲ್ಲಿ ಅತ್ಯಂತ ನಿಧಾನವಾಗಿ ನಡೆಯುವವರು ಮಾತನಾಡುತ್ತಲೇ ಹತ್ತಬಲ್ಲ ವೇಗವೇ ಇಡೀ ತಂಡದ ವೇಗ. ಈ ಒಂದು ಅಭ್ಯಾಸ ಕೂತರೆ ಮುಂದಿನ ಅರ್ಧ ತೊಂದರೆಗಳು ತಪ್ಪುತ್ತವೆ.

ಹತ್ತುವಾಗ ಹೆಜ್ಜೆ ಚಿಕ್ಕದಿರಲಿ, ಪಾದ ಪೂರ್ತಿಯಾಗಿ ನೆಲಕ್ಕೆ ಊರಲಿ. ಇಳಿಯುವಾಗ ಮೊಣಕಾಲು ತುಸು ಬಾಗಿರಲಿ. ಕಾಲನ್ನು ನೆಟ್ಟಗೆ ಮಾಡಿ ಹಿಮ್ಮಡಿಯ ಮೇಲೆ ಧೊಪ್ಪನೆ ಬಿದ್ದು ಇಳಿಯುವವರ ಮೊಣಕಾಲು ಸಂಜೆಗೆ ಕೈಕೊಡುತ್ತದೆ. ಶೂ ದಾರದ ವಿಷಯವನ್ನೂ ಇಲ್ಲಿಯೇ ಮುಗಿಸಿ: ಹತ್ತುವಾಗ ಕಣಕಾಲಿನ ಬಳಿ ಸ್ವಲ್ಪ ಸಡಿಲ, ಇಳಿಯುವ ಮುನ್ನ ಬಿಗಿ. ಇಳಿಜಾರಿನಲ್ಲಿ ಸಡಿಲ ಶೂ ಹಾಕಿದವರ ಬೆರಳುಗಳು ಮುಂದಕ್ಕೆ ಜಾರಿ ಉಗುರು ಕಪ್ಪಾಗುತ್ತದೆ.

*ಎಚ್ಚರಿಕೆಯ ಗುರುತು:* ನಡಿಗೆ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಎಲ್ಲರನ್ನೂ ನಿಲ್ಲಿಸಿ, ಶೂ ಒಳಗೆ ಎಲ್ಲಾದರೂ ಬಿಸಿಯಾಗುತ್ತಿದೆಯೇ ಎಂದು ಕೇಳಿ. ಬಿಸಿಯಾದ ಜಾಗಕ್ಕೆ ಆಗಲೇ ಪ್ಲಾಸ್ಟರ್ ಅಂಟಿಸಿದರೆ ಕೆಲಸ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಬೊಬ್ಬೆ ಎದ್ದ ಮೇಲೆ ಆ ದಿನ ಮುಗಿದಂತೆಯೇ.

ಹಂತ 2: ಚೀಲ, ನೀರು, ಊಟ

ಚೀಲದ ತೂಕ ಹೊರುವವರ ತೂಕದ ಐದನೇ ಒಂದು ಭಾಗವನ್ನು ಮೀರಬಾರದು. ಹೊಸಬರಿಗೆ ಅದಕ್ಕಿಂತಲೂ ಕಡಿಮೆ ಇದ್ದರೆ ಒಳ್ಳೆಯದು. ಭಾರದ ಸಾಮಾನು ಬೆನ್ನಿಗೆ ಅಂಟಿಕೊಂಡಂತೆ ಮಧ್ಯದಲ್ಲಿರಲಿ, ಮಳೆಯಂಗಿ ಮತ್ತು ಟಾರ್ಚ್ ಕೈಗೆ ಸಿಗುವಂತೆ ಮೇಲಿರಲಿ. ತರಗತಿಯಲ್ಲಿ ಎಲ್ಲರ ಚೀಲವನ್ನೂ ನೆಲಕ್ಕೆ ಸುರಿಸಿ ತಕ್ಕಡಿಯಲ್ಲಿ ತೂಗಿ. ಸ್ಪೀಕರ್, ಗಾಜಿನ ಉಪ್ಪಿನಕಾಯಿ ಜಾಡಿ, ಎರಡನೇ ಜೊತೆ ಚಪ್ಪಲಿ ಎಲ್ಲವೂ ಆಗ ತಾವಾಗಿಯೇ ಹೊರಬೀಳುತ್ತವೆ, ನೀವು ಉಪದೇಶ ಮಾಡುವ ಅಗತ್ಯ ಇರುವುದಿಲ್ಲ.

ನೀರಿನ ವಿಷಯದಲ್ಲಿ ಬಹುತೇಕ ಮಾರ್ಗದರ್ಶಕರು ಗಮನಿಸದ ಒಂದು ಸಂಗತಿಯಿದೆ. ಅನೇಕ ವಿದ್ಯಾರ್ಥಿನಿಯರು ದಾರಿಯಲ್ಲಿ ಶೌಚಕ್ಕೆ ಜಾಗ ಸಿಗುವುದಿಲ್ಲವೆಂಬ ಅಳುಕಿನಿಂದ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಕಡಿಮೆ ಮಾಡಿರುತ್ತಾರೆ. ‘ನೀರು ಕುಡಿಯಿರಿ’ ಎಂದು ನೂರು ಸಲ ಕೂಗಿದರೂ ಇದು ಬದಲಾಗದು. ಪ್ರತಿ ಗಂಟೆಯ ವಿಶ್ರಾಂತಿಯಲ್ಲಿ ಹುಡುಗರ ಗುಂಪು ಮುಂದೆ, ಹುಡುಗಿಯರ ಗುಂಪು ಹಿಂದೆ ಎಂದು ಜಾಗ ಗೊತ್ತುಮಾಡಿ, ಮಹಿಳಾ ಮಾರ್ಗದರ್ಶಕರು ನಿಂತು ಕಾಯುವ ವ್ಯವಸ್ಥೆಯನ್ನು ತರಗತಿಯಲ್ಲೇ ಸ್ಪಷ್ಟವಾಗಿ ಹೇಳಿ. ನೀರಿನ ಮೂಲದಿಂದ ದೂರ ಹೋಗಿ, ಗೇಣುದ್ದ ಗುಂಡಿ ತೋಡಿ ಮುಚ್ಚುವುದನ್ನು ಎಲ್ಲರಿಗೂ ಕಲಿಸಿ. ಬಳಸಿದ ಪ್ಯಾಡು ಮತ್ತು ಟಿಶ್ಯೂ ಚೀಲದಲ್ಲಿಯೇ ಊರಿಗೆ ಮರಳಬೇಕು.

ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಬೆರೆಸಬೇಕು. ದೊಡ್ಡ ಪೊಟ್ಟಣಕ್ಕೆ ಸಾಮಾನ್ಯವಾಗಿ ಒಂದು ಲೀಟರ್. ಅರ್ಧ ಲೀಟರಿಗೆ ಹಾಕಿ ‘ಸ್ಟ್ರಾಂಗ್’ ಮಾಡಿಕೊಂಡರೆ ಪ್ರಯೋಜನಕ್ಕಿಂತ ತೊಂದರೆಯೇ ಹೆಚ್ಚು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಹೊಳೆಯ ನೀರನ್ನು ಕುದಿಸಬೇಕು, ಇಲ್ಲವೇ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಡಬೇಕು.

ಊಟಕ್ಕೆ ಪುಳಿಯೋಗರೆ, ಚಪಾತಿ ಮತ್ತು ಚಟ್ನಿಪುಡಿ, ನಡುನಡುವೆ ಶೇಂಗಾ ಚಿಕ್ಕಿ. ಮೊಸರನ್ನದ ಡಬ್ಬಿ ಬಿಸಿಲಲ್ಲಿ ಮಧ್ಯಾಹ್ನದ ಹೊತ್ತಿಗೆ ಹುಳಿಯುತ್ತದೆ. ಕಾಡಿನೊಳಗೆ ಒಲೆ ಹೂಡುವ ಮಾತೇ ಇಲ್ಲ.

ಹಂತ 3: ನಕ್ಷೆ ಮತ್ತು ದಿಕ್ಸೂಚಿ

ಎರಡು ತರಗತಿ ಕೊಡಬೇಕಾದ ಹಂತ ಇದು. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆಯಲ್ಲಿ 2 ಸೆಂಟಿಮೀಟರ್ ಎಂದರೆ ನೆಲದ ಮೇಲೆ 1 ಕಿಲೋಮೀಟರ್, ಪಕ್ಕಪಕ್ಕದ ಎರಡು ಸಮೋನ್ನತಿ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳ) ನಡುವೆ ಸಾಮಾನ್ಯವಾಗಿ 20 ಮೀಟರ್ ಎತ್ತರದ ಅಂತರ. ರೇಖೆಗಳು ಒತ್ತೊತ್ತಾಗಿದ್ದರೆ ಏರು ಕಡಿದು, ವಿರಳವಾಗಿದ್ದರೆ ಸಪಾಟು. ಇದನ್ನು ಬಾಯಲ್ಲಿ ಹೇಳುವ ಬದಲು ಒಂದು ದೊಡ್ಡ ಆಲೂಗಡ್ಡೆಯನ್ನು ಅಡ್ಡಡ್ಡ ಸಮದಪ್ಪಕ್ಕೆ ಕತ್ತರಿಸಿ, ಒಂದೊಂದು ಬಿಲ್ಲೆಯನ್ನೂ ಒಂದರೊಳಗೊಂದು ಬರುವಂತೆ ಕಾಗದದ ಮೇಲಿಟ್ಟು ಅಂಚಿನ ಸುತ್ತ ಗೆರೆ ಎಳೆಸಿ. ಹತ್ತು ನಿಮಿಷದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ.

ದಿಕ್ಸೂಚಿಯ ಅಭ್ಯಾಸಕ್ಕೆ ಹೊರಗೆ ಬಂದಾಗ ಮೊದಲ ಗೊಂದಲ ತಪ್ಪದೆ ಎದುರಾಗುತ್ತದೆ: ಒಂದೇ ಕಡೆ ನಿಂತ ಐವರ ಮುಳ್ಳುಗಳು ಐದು ದಿಕ್ಕು ತೋರಿಸುತ್ತವೆ. ಒಬ್ಬರು ಕಬ್ಬಿಣದ ಬೆಂಚಿಗೆ ಒರಗಿರುತ್ತಾರೆ, ಇನ್ನೊಬ್ಬರು ಅದೇ ಕೈಯಲ್ಲಿ ಮೊಬೈಲ್ ಹಿಡಿದಿರುತ್ತಾರೆ. ಕೂಡಲೇ ತಿದ್ದಬೇಡಿ. ಮೊಬೈಲನ್ನು ದಿಕ್ಸೂಚಿಯ ಹತ್ತಿರ ತಂದು, ದೂರ ಒಯ್ದು ಮುಳ್ಳು ಓಲಾಡುವುದನ್ನು ಅವರೇ ನೋಡಲಿ. ಕರ್ನಾಟಕದಲ್ಲಿ ಮುಳ್ಳು ತೋರಿಸುವ ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸ ಒಂದೆರಡು ಡಿಗ್ರಿಯಷ್ಟೇ. ಆ ಲೆಕ್ಕವನ್ನು ಈ ಮಟ್ಟದಲ್ಲಿ ಬಿಟ್ಟುಬಿಡಬಹುದು.

ನಂತರ ಮೈದಾನದಲ್ಲಿ 100 ಮೀಟರ್ ಅಳೆದು, ಪ್ರತಿಯೊಬ್ಬರೂ ಬಲಗಾಲು ನೆಲಕ್ಕೆ ತಾಗುವುದನ್ನು ಮಾತ್ರ ಎಣಿಸುತ್ತಾ ನಡೆಯಲಿ. ಬಂದ ಸಂಖ್ಯೆಯನ್ನು ಅವರವರ ನಕ್ಷೆಯ ಮೂಲೆಯಲ್ಲಿ ಬರೆದುಕೊಳ್ಳಲಿ. ದಿಕ್ಕು ಮತ್ತು ಹೆಜ್ಜೆ ಎರಡೂ ಕೂಡಿದರೆ ಮಂಜಿನಲ್ಲಿಯೂ ದಾರಿಯ ಅಂದಾಜು ತಪ್ಪುವುದಿಲ್ಲ.

ಮೊಬೈಲಿನ ಜಿಪಿಎಸ್ ಬೇಡವೆಂದು ಹಟ ಹಿಡಿಯುವ ಅಗತ್ಯವಿಲ್ಲ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ಸಿಗ್ನಲ್ ಇಲ್ಲದೆಡೆಯೂ ಅದು ಕೆಲಸ ಮಾಡುತ್ತದೆ. ಆದರೆ ಕ್ರಮ ಹೀಗಿರಲಿ: ಮೊದಲು ಕಾಗದದ ನಕ್ಷೆಯಲ್ಲಿ ‘ನಾವಿರುವುದು ಇಲ್ಲಿ’ ಎಂದು ಬೆರಳಿಟ್ಟು ತೋರಿಸಬೇಕು, ಆಮೇಲೆ ಮೊಬೈಲ್ ತೆಗೆದು ಸರಿಯೇ ಎಂದು ನೋಡಬೇಕು. ತಿರುವುಮುರುವಾದರೆ ನಕ್ಷೆಯನ್ನು ಯಾರೂ ಕಲಿಯುವುದಿಲ್ಲ.

ಹಂತ 4: ಸಾಲಿನ ಶಿಸ್ತು

ಮುಂದೆ ಒಬ್ಬರು, ಕೊನೆಯಲ್ಲಿ ಒಬ್ಬರು. ಇವರಿಬ್ಬರ ನಡುವೆಯೇ ಎಲ್ಲರೂ. ಕೊನೆಯಲ್ಲಿ ಬರುವವರ ಕೆಲಸ ಮುಂದಿನವರ ಕೆಲಸಕ್ಕಿಂತ ಕಷ್ಟದ್ದು, ಆದ್ದರಿಂದ ಅಲ್ಲಿ ತಂಡದ ಗಟ್ಟಿಗರನ್ನು ನಿಲ್ಲಿಸಿ. ಸುಸ್ತಾದವರನ್ನು ಕೊನೆಗೆ ತಳ್ಳುವುದು ಸಾಮಾನ್ಯವಾಗಿ ಕಾಣುವ ತಪ್ಪು. ಅವರ ಜಾಗ ಮುಂದಾಳುವಿನ ಬೆನ್ನ ಹಿಂದೆ.

ಮೂರು ನಿಯಮಗಳನ್ನು ಕಾಲೇಜಿನ ಆವರಣದಲ್ಲೇ ಆಡಿಸಿ ರೂಢಿಮಾಡಿ. ಪ್ರತಿಯೊಬ್ಬರೂ ತಮ್ಮ ಹಿಂದಿನವರು ಕಾಣುತ್ತಿದ್ದಾರೆಯೇ ಎಂದು ನೋಡುತ್ತಿರಬೇಕು, ಕಾಣದಿದ್ದರೆ ನಿಲ್ಲಬೇಕು. ಅವರು ನಿಂತರೆ ಮುಂದಿನವರೂ ನಿಲ್ಲುತ್ತಾರೆ. ದಾರಿ ಕವಲೊಡೆಯುವಲ್ಲಿ ಕೊನೆಯವರು ಬರುವ ತನಕ ಯಾರೂ ಮುಂದೆ ಹೋಗುವಂತಿಲ್ಲ. ಪ್ರತಿ ವಿಶ್ರಾಂತಿಯಲ್ಲೂ ತಲೆ ಎಣಿಕೆಯಾಗಬೇಕು, ಮತ್ತು ಎಣಿಕೆಯನ್ನು ಪ್ರತಿ ಸಲ ಬೇರೆ ವಿದ್ಯಾರ್ಥಿ ಮಾಡಬೇಕು.

ದಾರಿ ತಪ್ಪಿದವರು ಏನು ಮಾಡಬೇಕೆಂಬುದನ್ನೂ ಅಭಿನಯಿಸಿ ತೋರಿಸಿ: ನಿಂತಲ್ಲೇ ನಿಲ್ಲುವುದು, ಮೂರು ಸಲ ಸೀಟಿ ಊದಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂರು ಸಲ ಊದುವುದು, ತೊರೆಯ ಜಾಡು ಹಿಡಿದು ಇಳಿಯುವ ಆಸೆಯನ್ನು ತಡೆಯುವುದು. ಘಟ್ಟದಲ್ಲಿ ತೊರೆಗಳು ಊರಿಗೆ ಹೋಗುವ ಮೊದಲು ಜಲಪಾತಕ್ಕೆ ಹೋಗುತ್ತವೆ.

ಹಂತ 5: ಪ್ರಥಮ ಚಿಕಿತ್ಸೆ

ಹೃದಯ ನಿಂತವರ ಎದೆ ಒತ್ತುವುದನ್ನು ಕಲಿಸುವ ಗೊಂಬೆಯ ಮೇಲೆ ಇಡೀ ತರಗತಿ ಕಳೆದು ಕಾಲು ಉಳುಕಿದರೆ ಏನು ಮಾಡಬೇಕೆಂದು ಹೇಳದೆ ಬಿಡುವ ತರಬೇತಿಗಳು ಬಹಳ ಇವೆ. ಘಟ್ಟದಲ್ಲಿ ನಿಜಕ್ಕೂ ಎದುರಾಗುವುದನ್ನೇ ಮೊದಲು ಕಲಿಸಿ.

ಬಿಸಿಲಿನ ಬಳಲಿಕೆಯಲ್ಲಿ ಬೆವರು, ತಲೆನೋವು, ವಾಕರಿಕೆ ಇರುತ್ತವೆ. ನೆರಳು, ಓಆರ್‌ಎಸ್ ಮತ್ತು ವಿಶ್ರಾಂತಿ ಸಾಕಾಗಬಹುದು. ಮಾತು ತೊದಲಿದರೆ, ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರ ಬಂದರೆ, ನಡಿಗೆ ತೂರಾಡಿದರೆ ಅದು ಶಾಖಾಘಾತ. ಕೆಳಗೆ ಹೊತ್ತೊಯ್ಯುವುದಕ್ಕೂ ಮೊದಲು ಅಲ್ಲಿಯೇ ಮೈಗೆ ನೀರು ಸುರಿದು ಗಾಳಿ ಬೀಸಿ ತಣಿಸಬೇಕು, ಪೂರ್ತಿ ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. ಇದರ ಮೊದಲ ಸುಳಿವು ಚಿಕ್ಕದು. ಬೆಳಗಿನಿಂದ ಹರಟುತ್ತಿದ್ದ ಹುಡುಗ ಮಧ್ಯಾಹ್ನದ ಹೊತ್ತಿಗೆ ಎಲ್ಲದಕ್ಕೂ ‘ಹ್ಞೂಂ’ ಎನ್ನತೊಡಗಿದರೆ ಅವನ ನೀರಿನ ಬಾಟಲಿ ನೋಡಿ.

ಹಾವು ಕಚ್ಚಿದರೆ ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಉಂಗುರ, ಗಡಿಯಾರ ತೆಗೆದು, ಕಚ್ಚಿದ ಕೈಕಾಲನ್ನು ಅಲುಗಾಡದಂತೆ ಕೋಲಿಟ್ಟು ಕಟ್ಟಿ, ಸಮಯ ಬರೆದುಕೊಂಡು, ಸಾಧ್ಯವಾದಷ್ಟೂ ನಡೆಸದೆ ಹೊತ್ತು ಇಳಿಸಬೇಕು. ಹೊರಡುವ ಮುನ್ನವೇ ದಾರಿಗೆ ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ವಿಷನಿರೋಧಕ ಔಷಧ ಇದೆಯೆಂದು ಫೋನ್ ಮಾಡಿ ಖಚಿತಪಡಿಸಿಕೊಂಡಿರಬೇಕು. ತುರ್ತು ಸಂಖ್ಯೆಗಳು 112 ಮತ್ತು 108.

ಹೆಜ್ಜೇನಿನ ಬಗ್ಗೆ ಕಾಲೇಜುಗಳು ಸಾಕಷ್ಟು ಎಚ್ಚರ ವಹಿಸುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಬಂಡೆಯ ಚಾಚಿನಡಿ ಗೂಡು ಕಂಡರೆ ಸುಗಂಧ, ಹೊಗೆ, ಕೂಗಾಟ, ಕಲ್ಲೆಸೆತ ಯಾವುದೂ ಕೂಡದು. ಎದ್ದರೆ ಮುಖ ಮುಚ್ಚಿಕೊಂಡು ದೂರ ಓಡಬೇಕು, ನಿಂತು ಕೈ ಬೀಸಬಾರದು.

ತರಗತಿಯ ಕೊನೆಯಲ್ಲಿ ಎರಡು ಬಿದಿರು ಗಳು ಮತ್ತು ಒಂದು ಕಂಬಳಿಯಿಂದ ಡೋಲಿ ಮಾಡಿಸಿ, ಒಬ್ಬರನ್ನು ಮೈದಾನದ ಸುತ್ತ ಒಂದು ಸುತ್ತು ಹೊರಿಸಿ. ಆರು ಜನ ಹೊತ್ತರೂ ಕೆಲವೇ ನಿಮಿಷಕ್ಕೆ ಕೈ ಬದಲಿಸಬೇಕಾಗುತ್ತದೆ. ಬೆಟ್ಟದಲ್ಲಿ ಹುಚ್ಚಾಟ ಆಡಬಾರದೆಂದು ಆಮೇಲೆ ಬಿಡಿಸಿ ಹೇಳಬೇಕಾಗುವುದಿಲ್ಲ.

ಹಂತ 6: ಹತ್ತಿರದ ಬೆಟ್ಟದಲ್ಲಿ ಎರಡು ದಿನ

ಮೈಸೂರಿನವರಿಗೆ ಚಾಮುಂಡಿಯ ಮೆಟ್ಟಿಲುಗಳು, ಬೆಂಗಳೂರಿನವರಿಗೆ ರಾಮನಗರದ ಸುತ್ತಿನ ಬೆಟ್ಟಗಳು, ತುಮಕೂರಿನವರಿಗೆ ಮಧುಗಿರಿ: ಹೀಗೆ ಅರ್ಧ ದಿನದಲ್ಲಿ ಮುಗಿಯುವ, ರಸ್ತೆಗೆ ಹತ್ತಿರವಾದ ಜಾಗ ಆರಿಸಿಕೊಳ್ಳಿ. ಏಕಶಿಲಾ ಬೆಟ್ಟಗಳು ಒಣಗಿದ್ದಾಗ ಸುಲಭ, ಸಣ್ಣ ಮಳೆ ಬಿದ್ದರೆ ಸಾಬೂನು ಹಚ್ಚಿದಂತೆ ಜಾರುತ್ತವೆ. ಮೋಡ ಕಟ್ಟಿದ್ದರೆ ಹತ್ತಬೇಡಿ.

ಮೊದಲ ದಿನ ನೀವು ನಡೆಸಿ. ಎರಡನೇ ದಿನ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಗಂಟೆಗೊಮ್ಮೆ ಮುಂದಾಳತ್ವ ವಹಿಸಲಿ, ನೀವು ಸಾಲಿನ ಮಧ್ಯದಲ್ಲಿರಿ. ತಪ್ಪು ಕವಲು ಹಿಡಿದರೆ, ಅಪಾಯವಿಲ್ಲದ ದಾರಿಯಾಗಿದ್ದರೆ, ಸುಮ್ಮನೆ ಹಿಂದೆ ಹೋಗಿ. ಬಾಯಿ ಮುಚ್ಚಿಕೊಂಡಿರುವುದು ಮಾರ್ಗದರ್ಶಕರಿಗೆ ಅತ್ಯಂತ ಕಷ್ಟದ ಕೆಲಸ, ಅದರಲ್ಲೂ ಪಾಠ ಹೇಳಿಯೇ ಅಭ್ಯಾಸವಾದ ಅಧ್ಯಾಪಕರಿಗೆ. ಇನ್ನೂರು ಮೀಟರ್ ಹೋಗಿ, ನಕ್ಷೆ ನೋಡಿ, ತಾವೇ ಹಿಂದಿರುಗಿದ ತಂಡಕ್ಕೆ ನಕ್ಷೆ ಮತ್ತೆಂದೂ ಮರೆಯುವುದಿಲ್ಲ.

ಈ ಎರಡು ದಿನಗಳಲ್ಲಿ ಬಾರದಿದ್ದವರನ್ನು ಘಟ್ಟಕ್ಕೆ ಕರೆದೊಯ್ಯಬಾರದು. ಪ್ರಾಂಶುಪಾಲರ ಮಗನಾಗಿದ್ದರೂ ಅಷ್ಟೇ.

ಹಂತ 7: ಘಟ್ಟದ ದಿನ

ಸಮಯದ ಲೆಕ್ಕವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಿ. ನೇಸ್ಮಿತ್ ನಿಯಮದಂತೆ 5 ಕಿ.ಮೀ. ದೂರಕ್ಕೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಕ್ಕೆ ಸುಬ್ರಹ್ಮಣ್ಯದಿಂದ 1,712 ಮೀಟರ್ ಎತ್ತರದ ಕುಮಾರ ಪರ್ವತಕ್ಕೆ ದೂರ ಸುಮಾರು 13 ಕಿ.ಮೀ., ಏರು ಸುಮಾರು 1,600 ಮೀಟರ್. ದೂರಕ್ಕೆ ಎರಡೂವರೆ ಗಂಟೆಗೆ ತುಸು ಹೆಚ್ಚು, ಏರಿಗೂ ಅಷ್ಟೇ, ಒಟ್ಟು ಐದೂಕಾಲು. ಇದು ಗಟ್ಟಿಗರು ನಿಲ್ಲದೆ ನಡೆದರೆ. ಚೀಲ ಹೊತ್ತ ಹೊಸಬರ ತಂಡಕ್ಕೆ ಅರ್ಧದಷ್ಟು ಸೇರಿಸಿ, ಎಂಟು ಗಂಟೆ. ಬೆಳಿಗ್ಗೆ ಆರಕ್ಕೆ ಹೊರಟರೂ ತುದಿ ಮುಟ್ಟುವಾಗ ಎರಡು ಗಂಟೆ, ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಆರರ ಸುಮಾರಿಗೆ. ಅಂದರೆ ಹೊಸಬರ ತಂಡಕ್ಕೆ ಈ ದಾರಿ ಒಂದೇ ದಿನದಲ್ಲಿ ಬೆಳಕಿರುವಾಗ ಮುಗಿಯುವಂಥದ್ದಲ್ಲ. ಇದೇ ಲೆಕ್ಕವನ್ನು ತಡಿಯಂಡಮೋಳ್, ಕೊಡಚಾದ್ರಿಗಳಿಗೂ ಹಾಕಿಸಿ, ತಂಡಕ್ಕೆ ಒಪ್ಪುವ ದಾರಿಯನ್ನು ಅವರೇ ಆರಿಸಲಿ.

ಮರಳುವ ಗಡುವನ್ನು ಹಿಂದಿನ ರಾತ್ರಿಯೇ ಗೊತ್ತುಮಾಡಿ ಎಲ್ಲರೂ ಬರೆದುಕೊಳ್ಳಲಿ. ಆ ಹೊತ್ತಿಗೆ ಶಿಖರ ಕೂಗಳತೆಯಲ್ಲಿದ್ದರೂ ತಿರುಗಬೇಕು. ‘ಇನ್ನು ಹತ್ತೇ ನಿಮಿಷ ಸರ್’ ಎಂಬ ಬೇಡಿಕೆ ಖಂಡಿತ ಬರುತ್ತದೆ. ತೀರ್ಮಾನ ರಾತ್ರಿಯೇ ಆಗಿಹೋಗಿದೆ ಎಂದಷ್ಟೇ ಹೇಳಿ, ಚರ್ಚೆಗೆ ಇಳಿಯಬೇಡಿ.

ನೀರಿನ ಬಳಿ ನಿಯಮ ಇನ್ನೂ ಬಿಗಿಯಾಗಿರಲಿ. 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯ ನಡುವೆ ಬಂಡೆಗಳ ಮೇಲೆ ನಿಂತಿದ್ದ ಹೈದರಾಬಾದಿನ ಇಂಜಿನಿಯರಿಂಗ್ ಕಾಲೇಜೊಂದರ 24 ವಿದ್ಯಾರ್ಥಿಗಳು, ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕೊಚ್ಚಿಹೋದರು. ಆದ್ದರಿಂದ ಅಣೆಕಟ್ಟೆಯ ಕೆಳಗಿನ ಹೊಳೆಗೆ ಇಳಿಯುವಂತಿಲ್ಲ, ಮೊಣಕಾಲು ಮೀರಿ ಹರಿಯುವ ನೀರನ್ನು ದಾಟುವಂತಿಲ್ಲ, ಜಲಪಾತದ ನೆತ್ತಿಯಲ್ಲಿ ಫೋಟೋ ತೆಗೆಯುವಂತಿಲ್ಲ. ತೊರೆಯ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಎಲೆ ಕಡ್ಡಿ ತೇಲಿಬಂದರೆ ಮೇಲೆ ಮಳೆಯಾಗಿದೆ. ಕೂಡಲೇ ದಡದಿಂದ ಮೇಲೇರಬೇಕು.

ಗುಡುಗು ಕೇಳಿಸಿದರೆ ಬೋಳು ನೆತ್ತಿಯಿಂದ ಕೆಳಗಿಳಿಯಿರಿ, ಒಂಟಿ ಮರದಡಿ ನಿಲ್ಲಬೇಡಿ. ಗಾಳಿ ಮಳೆಗೆ ನೆನೆದವರು ನಡುಗತೊಡಗಿದರೆ ಒದ್ದೆ ಬಟ್ಟೆ ಬದಲಿಸಿ, ಟಾರ್ಪಾಲಿನಡಿ ಕೂರಿಸಿ, ಸಿಹಿ ಕೊಡಿ. ಇಂಬಳ ಹತ್ತಿದರೆ ಗಾಬರಿ ಬೇಡ. ಉಗುರಿನಿಂದ ಅದರ ಬಾಯನ್ನು ಮೆಲ್ಲನೆ ಸರಿಸಿ ತೆಗೆದು, ಗಾಯ ತೊಳೆದು ಒತ್ತಿ ಹಿಡಿದರಾಯಿತು.

ಹಗ್ಗದ ಕೆಲಸದ ಬಗ್ಗೆ

ಬಂಡೆ ಏರುವುದು, ಹಗ್ಗದಲ್ಲಿ ಇಳಿಯುವುದು ಈ ಎಂಟು ವಾರದ ಪಾಠಕ್ಕೆ ಸೇರಿದ್ದಲ್ಲ. ವಿದ್ಯಾರ್ಥಿಗಳಿಗೆ ಆಸಕ್ತಿ ಇದ್ದರೆ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಸಂಸ್ಥೆಯ ಮೂಲಕ ಏರ್ಪಾಡು ಮಾಡಿ. ಡಾರ್ಜಿಲಿಂಗ್ ಅಥವಾ ಉತ್ತರಕಾಶಿಯ ಪರ್ವತಾರೋಹಣ ಸಂಸ್ಥೆಗಳಲ್ಲಿ ಬೇಸಿಕ್ ಕೋರ್ಸ್ ಮುಗಿಸಿದವರೆಲ್ಲ ಕಲಿಸಲು ಅರ್ಹರೆಂದಲ್ಲ. ಕಲಿಸುವ ವಿಧಾನಕ್ಕೆ ‘ಮೆಥಡ್ ಆಫ್ ಇನ್‌ಸ್ಟ್ರಕ್ಷನ್’ ಎಂಬ ಬೇರೆಯೇ ಕೋರ್ಸ್ ಇದೆ. ಬರುವ ತರಬೇತುದಾರರನ್ನು ಅದರ ಬಗ್ಗೆ ಕೇಳಲು ಸಂಕೋಚ ಬೇಡ. ವಿಡಿಯೋ ನೋಡಿ ಗಂಟು ಕಲಿತ ಹಿರಿಯ ವಿದ್ಯಾರ್ಥಿಯ ಕೈಗೆ ಹಗ್ಗ ಕೊಡುವುದಂತೂ ಸಲ್ಲದು.

ಹಂತ 8: ಮರಳಿದ ಮೇಲೆ

ಬಸ್ಸಿನಲ್ಲಿ ಎಲ್ಲರೂ ನಿದ್ದೆಹೋಗುವ ಮುನ್ನ ಕೊನೆಯ ತಲೆ ಎಣಿಕೆ ಮಾಡಿಸಿ, ಮೂರು ಪ್ರಶ್ನೆ ಕೇಳಿ: ಎಲ್ಲಿ ನಿಧಾನವಾದೆವು, ಯಾರ ನೀರು ಮೊದಲು ಮುಗಿಯಿತು, ಯಾವ ಕವಲಿನಲ್ಲಿ ಅನುಮಾನ ಬಂತು. ಉತ್ತರಗಳನ್ನು ಬರೆದಿಡಿ, ಮುಂದಿನ ತಂಡದ ಮೂರನೇ ಹಂತಕ್ಕೆ ಅದೇ ಪಠ್ಯ. ಟಾರ್ಪಾಲು, ಚೀಲಗಳನ್ನು ಮರುದಿನವೇ ಒಣಗಿಸಿ; ಒದ್ದೆ ಇಟ್ಟರೆ ಬೂಷ್ಟು ಹಿಡಿಯುತ್ತದೆ.

ಮಲೆನಾಡಿನ ಕಾಡಿಗೆ, ಅದರಲ್ಲೂ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆಗೆ ಡಿಸೆಂಬರಿನಿಂದ ಮೇ ನಡುವೆ ಹೋಗಿದ್ದರೆ ಮಂಗನ ಕಾಯಿಲೆಯನ್ನು ನೆನಪಿಡಬೇಕು. ಅದು ಉಣುಗಿನ ಕಡಿತದಿಂದ ಹರಡುತ್ತದೆ, ಸಾಮಾನ್ಯವಾಗಿ ಮೂರರಿಂದ ಎಂಟು ದಿನಗಳ ನಂತರ ಹಠಾತ್ ಜ್ವರ, ತಲೆನೋವು, ಮೈಕೈ ನೋವಾಗಿ ಕಾಣಿಸಿಕೊಳ್ಳುತ್ತದೆ. ಮರಳಿದ ಸಂಜೆಯೇ ಬಿಸಿನೀರಿನ ಸ್ನಾನ ಮಾಡಿ ಕಂಕುಳು, ಸೊಂಟ, ಮೊಣಕಾಲ ಸಂದುಗಳಲ್ಲಿ ಉಣುಗು ಹುಡುಕಲು ಹೇಳಿ; ದಾರಿಯಲ್ಲಿ ಸತ್ತ ಮಂಗ ಕಂಡಿದ್ದರೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಿ. ಎರಡು ವಾರಗಳ ಕಾಲ ತಂಡದ ವಾಟ್ಸಾಪ್ ಗುಂಪನ್ನು ಮುಚ್ಚಬೇಡಿ. ಯಾರಿಗಾದರೂ ಜ್ವರ ಬಂದರೆ ವೈದ್ಯರ ಬಳಿ ಹೋದಾಗ ‘ಕಾಡಿಗೆ ಹೋಗಿದ್ದೆ’ ಎಂಬುದನ್ನು ಮೊದಲ ಮಾತಾಗಿ ಹೇಳಬೇಕು, ಹೋದ ತಾರೀಖು ಮತ್ತು ಜಾಗದ ಸಮೇತ.